ಸಿದ್ದರಾಜು ಕಳೆದುಕೊಂಡ ಮೈನಸ್ಸುಗಳು

ಚನ್ನರಾಯಪಟ್ಟಣದ ಕೋರ್ಟಿನ ಎದುರು ಸಾಲಿನಲ್ಲಿ ಸಿದ್ದರಾಜುವಿನ ಡಿಟಿಪಿ ಅಂಗಡಿ ಇದೆ. ಇಬ್ಬರು ಕೂತರೆ ಮೂರನೆಯವರು ಹೊರಗೇ ನಿಲ್ಲಬೇಕು, ಅಷ್ಟೇ ಜಾಗ. ಬಾಡಿಗೆ ಕರಾರು, ಅಫಿಡವಿಟ್ಟು, ಲಗ್ನಪತ್ರಿಕೆ, ತಕರಾರು ಅರ್ಜಿ, ಹೀಗೆ ಜನ ತಂದುಕೊಟ್ಟದ್ದನ್ನೆಲ್ಲ ಟೈಪು ಮಾಡಿಕೊಟ್ಟು ಅವನು ಅಲ್ಲಿ ಇಪ್ಪತ್ನಾಲ್ಕು ವರ್ಷ ಕಳೆದಿದ್ದಾನೆ. ಹೊಳೆನರಸೀಪುರ, ಅರಕಲಗೂಡು, ಹಾಸನದ ಕಡೆ ಪಿಯುಸಿ ಸೈನ್ಸ್ ಓದಿದ ಎಷ್ಟೋ ಮಕ್ಕಳು ಅವನ ಹೆಸರನ್ನೇ ಕೇಳಿಲ್ಲ. ಆದರೆ ಅವನು ಟೈಪು ಮಾಡಿದ ಸಾಲುಗಳನ್ನು ಬಾಯಿಪಾಠ ಮಾಡಿ ಪಾಸಾಗಿದ್ದಾರೆ. ಕಾಂತರಾಜು ಮೇಷ್ಟ್ರ ಗಣಿತದ ನೋಟ್ಸು ಅಂದರೆ ಈ ಕಡೆಯ ಕಾಲೇಜುಗಳಲ್ಲಿ ಗೊತ್ತಿಲ್ಲದವರಿಲ್ಲ. ಹದಿಮೂರು ಪಾಠಗಳ ಆ ನೋಟ್ಸಿನ ಒಂದೊಂದು ಅಕ್ಷರವನ್ನೂ ಕೂಡಿಸಿದವನು ಸಿದ್ದರಾಜು.

ತಮಾಷೆಯೆಂದರೆ ಅವನಿಗೆ ಗಣಿತ ಬರುವುದಿಲ್ಲ. ಎಸ್ಸೆಸ್ಸೆಲ್ಸಿಗೆ ಮೂರು ಸಲ ಕೂತ, ಮೂರು ಸಲವೂ ಲೆಕ್ಕದಲ್ಲೇ ಹೋಯಿತು. ಅಪ್ಪ ನಂಜಯ್ಯ ಬೈಯಲಿಲ್ಲ, ಮರುವಾರವೇ ಟೈಪಿಂಗ್ ಕಲಿಸುವವರ ಹತ್ತಿರ ಕರೆದುಕೊಂಡು ಹೋಗಿ ಬಿಟ್ಟ. ಬೆರಳು ಬಲು ಚುರುಕಾಗಿತ್ತು. ಮೇಷ್ಟ್ರು ಮೊದಲ ಸಲ ತಮ್ಮ ಕೈಬರಹದ ಹಾಳೆ ತಂದಾಗ ಅವನು ಚಿಹ್ನೆಗಳನ್ನು ಚಿತ್ರಗಳಂತೆ ನೋಡಿ ಕೂಡಿಸುತ್ತಾ ಹೋದ. ಅನುಕಲನದ ಗುರುತಿಗೆ ಕೊಕ್ಕೆ ಎಂದು ಹೆಸರಿಟ್ಟ. ವರ್ಗಮೂಲಕ್ಕೆ ಚಪ್ಪರ. "ಚಪ್ಪರ ಅಲ್ಲ ಕಣ್ಲಾ ಸಿದ್ದ, ಅದು ವರ್ಗಮೂಲ" ಎಂದು ಮೇಷ್ಟ್ರು ನಕ್ಕರೂ, ಎರಡನೆಯ ಸಲ ಬಂದಾಗ ಅವರೂ "ಈ ಚಪ್ಪರ ವಸಿ ಅಗಲ ಮಾಡು" ಎಂದೇ ಹೇಳಿದರು.

ಮೇಷ್ಟ್ರು ಗೊರೂರು ಕಡೆಯ ಬೇಸಾಯದ ಮನೆಯವರು. ಸುತ್ತಲ ನಾಲ್ಕು ತಾಲ್ಲೂಕಿನ ಕಾಲೇಜುಗಳಲ್ಲಿ ಪಾಠ ಮಾಡಿದ್ದರು. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿ ಬಂದ ಮಕ್ಕಳು ಪಿಯುಸಿಯ ಇಂಗ್ಲಿಷ್ ಪುಸ್ತಕ ಕಂಡು ಮೂರೇ ತಿಂಗಳಲ್ಲಿ ಸೈನ್ಸ್ ಬಿಟ್ಟು ಹೋಗುವುದನ್ನು ನೋಡಿ ನೋಡಿ ಅವರು ಆ ನೋಟ್ಸು ಬರೆದಿದ್ದರು. ಇಂಗ್ಲಿಷಿನ ಪದ ಹಾಗೇ ಇರುತ್ತಿತ್ತು, ಅದರ ಕೆಳಗೆ ಪಕ್ಕದ ಮನೆಯವರು ಹೇಳಿದಷ್ಟು ಸಲೀಸಾಗಿ ಕನ್ನಡದಲ್ಲಿ ವಿವರಣೆ. ಟೈಪಿನ ವಿಷಯದಲ್ಲಿ ಮಾತ್ರ ಅವರು ಕಟ್ಟುನಿಟ್ಟು. ಒಮ್ಮೆ ಮೈನಸ್ ಗುರುತನ್ನು ನೋಡಿ, "ಇದೇನ್ಲಾ, ಸೊಳ್ಳೆ ಕೂತಂಗೈತೆ. ಹುಡುಗ್ರಿಗೆ ಕಾಣ್ಬೇಕಲ್ಲ, ಉದ್ದ ಮಾಡು" ಎಂದರು. ಕೀಲಿಮಣೆಯ ಗಿಡ್ಡ ಗೆರೆ ಬಿಟ್ಟು, ಚಿಹ್ನೆಗಳ ಪೆಟ್ಟಿಗೆಯಿಂದ ಒಂದು ಉದ್ದ ಗೆರೆ ಹುಡುಕಿ ತೆಗೆದು ಸಿದ್ದರಾಜು ಎಲ್ಲ ಕಡೆ ಅದನ್ನೇ ಕೂರಿಸಿದ. ಅವತ್ತಿನಿಂದ ಅದೇ ರೂಢಿಯಾಯಿತು.

ಮೊದಲೆಲ್ಲ ಮಕ್ಕಳು ನೋಟ್ಸನ್ನು ಜೆರಾಕ್ಸ್ ಮಾಡಿಸಿಕೊಳ್ಳುತ್ತಿದ್ದರು. ಬರಬರುತ್ತಾ ಜೆರಾಕ್ಸ್ ನಿಂತಿತು, ಎಲ್ಲರ ಕೈಗೂ ಫೋನು ಬಂತು. ವರ್ಡ್ ಫೈಲನ್ನೇ ಕಳಿಸಿದರೆ ಫೋನಿನಲ್ಲಿ ಕನ್ನಡದ ಬದಲು ಟೊಪ್ಪಿ ಹಾಕಿದ ಇಂಗ್ಲಿಷ್ ಅಕ್ಷರಗಳು ಕಾಣುತ್ತಿದ್ದವು. ಪಿಡಿಎಫ್ ಮಾಡಿದರೆ ಸಾಲಿನ ಅರ್ಧ ಪರದೆಯ ಆಚೆ ಹೋಗುತ್ತಿತ್ತು. ನಿವೃತ್ತಿಯಾಗಿ ಗೊರೂರಿಗೆ ಹೋಗಿ ನೆಲೆಸಿದ್ದ ಮೇಷ್ಟ್ರು ಒಂದು ದಿನ ಅಂಗಡಿಗೆ ಬಂದು ಕೂತರು.

"ಸಿದ್ದ, ಇದನ್ನ ಫೋನಲ್ಲೇ ಓದೋ ಅಂಗೆ ಮಾಡಕ್ಕಾಯ್ತದಾ? ಬಸ್ಸಲ್ಲಿ ಕೂತ್ಕಂಡೂ ಓದ್ಬೇಕು, ಅಂಗೆ."

"ಕಲೀಬೇಕು ಸಾ."

"ಕಲಿ. ನಂಗೇನು ಅವಸರ ಇಲ್ಲ."

ನಲವತ್ತೊಂಬತ್ತನೇ ವಯಸ್ಸಿನಲ್ಲಿ ಸಿದ್ದರಾಜು ವೆಬ್ ಪುಟ ಮಾಡುವುದನ್ನು ಕಲಿತ. ಕೋರ್ಟಿಗೆ ರಜೆ ಇದ್ದ ದಿನಗಳಲ್ಲಿ ವಿಡಿಯೋ ನೋಡಿದ. ಫೋನಿನ ಅಗಲಕ್ಕೆ ಸಾಲು ತಾನೇ ಮಡಚಿಕೊಳ್ಳುವಂತೆ, ಉದ್ದನೆಯ ಸಮೀಕರಣವನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ ನೋಡುವಂತೆ ಮಾಡಲು ಏಳು ತಿಂಗಳು ಹಿಡಿಯಿತು. ಮೊದಲ ಮೂರು ಪಾಠಗಳನ್ನು ಹೊಸದಾಗಿಯೇ ಟೈಪು ಮಾಡಿದ. ಮೇಷ್ಟ್ರು ಒಂದೊಂದು ಸಾಲನ್ನೂ ನೋಡಿ ಸರಿಯೆಂದರು. ನಾಲ್ಕನೆಯದು ಶುರುವಾಗುವ ಹೊತ್ತಿಗೆ ಅವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು, ಮಾತು ನಿಂತಿತು. ಕಿವಿ ಕೇಳುತ್ತಿತ್ತು, ತಿಳಿವಳಿಕೆಯೂ ಇತ್ತು.

ಇನ್ನೊಂದು ಸ್ಟ್ರೋಕ್ ಬರುವಷ್ಟರಲ್ಲಿ ಕೆಲಸ ಮುಗಿಸಿ ತೋರಿಸಿಬಿಡಬೇಕು ಎಂದು ಸಿದ್ದರಾಜುವಿಗೆ ಅವಸರ ಹತ್ತಿತು. ಉಳಿದ ಹತ್ತು ಪಾಠಗಳನ್ನು ಮತ್ತೆ ಟೈಪು ಮಾಡುವ ಬದಲು, ಕಂಪ್ಯೂಟರಿನ ಹಳೆಯ ಫಾಂಟನ್ನು ಫೋನಿಗೆ ತಿಳಿಯುವ ಹೊಸ ಅಕ್ಷರಕ್ಕೆ ತಿರುಗಿಸುವ ಒಂದು ಸಾಫ್ಟ್‌ವೇರಿಗೆ ಒಟ್ಟಿಗೆ ಹಾಕಿದ. ಒಂದೇ ವಾರದಲ್ಲಿ ಮುಗಿಯಿತು. ಕನ್ನಡ ಕನ್ನಡವಾಗಿ ಕಂಡಿತು, ಕೊಕ್ಕೆ ಚಪ್ಪರಗಳು ತಮ್ಮ ಜಾಗದಲ್ಲೇ ಇದ್ದವು. ಡಿಸೆಂಬರಿನಲ್ಲಿ ಎಲ್ಲವನ್ನೂ ವೆಬ್ ಪುಟದ ಮೇಲೆ ಹಾಕಿದ. ಗೊರೂರಿಗೆ ಹೋಗಿ ಫೋನಿನಲ್ಲಿ ತೋರಿಸಿದಾಗ ಮೇಷ್ಟ್ರು ಎಡಗೈಯಿಂದ ಪರದೆಯನ್ನು ಸವರಿದರು. ಅವರ ಕಣ್ಣು ತುಂಬಿತ್ತು. ಸಣ್ಣ ಗೆರೆಯೊಂದು ಇದೆಯೋ ಇಲ್ಲವೋ ಆ ಕಣ್ಣಿಗೆ ಕಾಣುವಂತಿರಲಿಲ್ಲ.

ಜನವರಿಯಲ್ಲಿ ಅಂಗಡಿ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟು ಅವನ ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಹೋಯಿತು. ಹಾಸನದಲ್ಲಿ ರಿಪೇರಿಯವನು ನೋಡಿ ತಲೆಯಾಡಿಸಿದ. "ಹೋದ್ರೆ ಓಗ್ಲಿ, ನೋಟ್ಸೆಲ್ಲ ಮೇಲೆ ಓಗೈತಲ್ಲ" ಎಂದು ಸಿದ್ದರಾಜು ಹೆಂಡತಿ ಪುಟ್ಟತಾಯಮ್ಮನಿಗೆ ಹೇಳಿದ. ಆ ತಿಂಗಳು ಅವನಿಗೆ ಬೇರೆ ಚಿಂತೆ ಇರಲಿಲ್ಲ. ದಿನಕ್ಕೆ ನಾನೂರು ಜನ ಪುಟ ತೆರೆಯುತ್ತಿದ್ದರು. ಗಿರಾಕಿಗಳು ಅಫಿಡವಿಟ್ಟು ಟೈಪಾಗಲಿ ಎಂದು ಕಾದಿರುವಾಗ ಅವನು ಆ ಸಂಖ್ಯೆಯನ್ನೇ ತೆಗೆದು ನೋಡುತ್ತಿದ್ದ.

ಪಿಯುಸಿ ಮೊದಲ ಪರೀಕ್ಷೆಯ ಫಲಿತಾಂಶ ಬಂದ ಮೂರನೇ ದಿನ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಅವನಿಗೆ ಒಂದು ಫೋನು ಬಂತು. ಹುಡುಗಿಯ ದನಿ. ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದವಳು, ಹೆಸರು ಪ್ರೇಕ್ಷಾ. ಅವರಿವರನ್ನು ಕೇಳಿ ಅಂಗಡಿಯ ನಂಬರು ಹುಡುಕಿದ್ದಳು.

"ಸಾ, ಕಾಂತರಾಜ್ ಸಾರ್ ನೋಟ್ಸ್ ಹಾಕಿರೋದು ನೀವೇನಾ?"

"ಊಂ ಕಣವ್ವ. ಏನಾಯ್ತು ಏಳು."

"ಕಾಸ್ ಎಕ್ಸ್ ಅವಕಲನ ಸೈನ್ ಎಕ್ಸ್ ಅಂತ ಐತೆ ಸಾ ಅದ್ರಲ್ಲಿ. ನಾನು ಅಂಗೇ ಬರ್ದೆ. ಮ್ಯಾತ್ಸಲ್ಲಿ ಓಗ್ಬುಡ್ತು. ಈಗ ಟೆಕ್ಸ್ಟ್ ಬುಕ್ ತೆಗ್ದು ನೋಡಿದ್ರೆ ಮೈನಸ್ ಸೈನ್ ಎಕ್ಸ್ ಅಂತ ಐತೆ. ಯಾವ್ದು ಸಾ ಸರಿ?"

ಯಾವುದು ಸರಿಯೆಂದು ಹೇಳುವಷ್ಟು ಗಣಿತ ಸಿದ್ದರಾಜುವಿಗೆ ಬರುತ್ತಿರಲಿಲ್ಲ.

"ಅದೊಂದೇ ಅಲ್ಲ ಸಾ. ಬಾಳ ಕಡೆ ಮೈನಸ್ಸೇ ಇಲ್ಲ."

"ಟೆಕ್ಸ್ಟ್ ಬುಕ್ಕೇ ಸರಿ ಇರ್ತದೆ ಕಣವ್ವ" ಎಂದ. ಅವಳು ಫೋನ್ ಇಟ್ಟಳು.

ಪುಟ ತೆರೆದು ನೋಡಿದ. ಬೇರೆ ಪೆಟ್ಟಿಗೆಯೊಳಗೆ ಕೂಡಿಸಿದ್ದ ಉದ್ದನೆಯ ಸಮೀಕರಣಗಳಲ್ಲಿ ಮೈನಸ್ ಇತ್ತು. ಸಾಲಿನ ನಡುವೆ ತಾನು ಮುತುವರ್ಜಿಯಿಂದ ಕೂರಿಸಿದ್ದ ಉದ್ದ ಗೆರೆ ಮಾತ್ರ ಎಲ್ಲೂ ಇರಲಿಲ್ಲ. ಆ ಗೆರೆಯ ಗುರುತು ಸಾಫ್ಟ್‌ವೇರಿಗೆ ತಿಳಿದಿಲ್ಲ, ಅದು ಸದ್ದಿಲ್ಲದೆ ಕಿತ್ತು ಹಾಕಿದೆ. ಕಿತ್ತ ಕಡೆ ಗುಳಿಯಾದರೂ ಬೀಳಬೇಕಿತ್ತು, ಅದೂ ಇಲ್ಲ. ಸಾಲುಗಳು ನುಣ್ಣಗೆ, ಏನೂ ಆಗದವರಂತೆ ಕೂತಿದ್ದವು. ಹತ್ತು ಪಾಠ. ಮುನ್ನೂರಕ್ಕೂ ಹೆಚ್ಚು ಪುಟ. ಮೂಲ ಫೈಲು ಸುಟ್ಟುಹೋಗಿದೆ. ಎರಡನೇ ಪರೀಕ್ಷೆಗೆ ಹದಿನಾಲ್ಕು ದಿನ.

ಶಟರನ್ನು ಅರ್ಧ ಎಳೆದು ಅವನು ಕುರ್ಚಿಯಲ್ಲಿ ಕೂತ. ದಿನಕ್ಕೆ ನಾನೂರು ಜನ. ಡಿಸೆಂಬರಿನಿಂದ ಇಲ್ಲಿಯವರೆಗೆ ಎಷ್ಟು ಮಕ್ಕಳು? ಅವರಲ್ಲಿ ಎಷ್ಟು ಜನ ಫೇಲಾದರು? ಪಾಸಾಗುವಷ್ಟು ಅಂಕ ಬಂದು, ಬೇಕಾದಷ್ಟು ಬಾರದವರು ಎಷ್ಟು? ಅವರು ಯಾರೂ ಫೋನು ಮಾಡುವುದಿಲ್ಲ. ತಮ್ಮ ತಲೆಯೇ ದಡ್ಡ ಎಂದುಕೊಂಡು ಸುಮ್ಮನಾಗುತ್ತಾರೆ. ತಾನೂ ಹಾಗೇ ಸುಮ್ಮನಾದವನಲ್ಲವೇ.

ಊಟಕ್ಕೆ ಬರಲಿಲ್ಲವೆಂದು ಪುಟ್ಟತಾಯಮ್ಮ ಡಬ್ಬಿ ಹಿಡಿದು ಅಂಗಡಿಗೇ ಬಂದಳು. ಅವನು ಎಲ್ಲ ಹೇಳಿದ.

"ಬೇಕೂಂತ ಮಾಡಿದ್ರಾ ನೀವು?" ಎಂದಳು.

"ಬೇಕೂಂತ ಮಾಡಿದ್ರೆ ಇಷ್ಟು ಸಂಕಟ ಆಯ್ತಿರ್ಲಿಲ್ಲ ಕಣೇ. ಅವಸರ ಮಾಡ್ದೆ. ಯಾರ್ಗೂ ತೋರಿಸ್ದೆ ಹಾಕ್ಬುಟ್ಟೆ."

ಪರಿಚಯದ ಇಬ್ಬರು ಲೆಕ್ಚರರಿಗೆ ಫೋನು ಮಾಡಿದ. ಇಬ್ಬರೂ ಉತ್ತರ ಪತ್ರಿಕೆ ತಿದ್ದುವ ಕೆಲಸದಿಂದ ಆಗತಾನೆ ಬಿಡುವಾದವರು. ಮುನ್ನೂರು ಪುಟ ನೋಡಲು ಈಗ ಆಗದು ಎಂದರು ಒಬ್ಬರು. ಇನ್ನೊಬ್ಬರು, "ಇಳಿಸಿಬಿಡಿ ಸಿದ್ದರಾಜು, ತಲೆನೋವೇ ಇರಲ್ಲ" ಎಂದರು. ಅವನು ಹತ್ತು ಪಾಠಗಳನ್ನೂ ತನ್ನ ಫೋನಿನಲ್ಲಿ ಉಳಿಸಿಕೊಂಡು ಪುಟದಿಂದ ಇಳಿಸಿದ. ಆದರೆ ಇನ್ನು ಹದಿನಾಲ್ಕು ದಿನ ಆ ಮಕ್ಕಳು ಏನು ಓದಬೇಕು? ಸೂತ್ರಗಳನ್ನಾದರೆ ಪಠ್ಯಪುಸ್ತಕ ನೋಡಿ ತಿದ್ದಬಹುದಿತ್ತು. ಮೇಷ್ಟ್ರು ಬಿಡಿಸಿದ ಲೆಕ್ಕಗಳೆಲ್ಲ ಅವರವೇ, ಯಾವ ಪುಸ್ತಕದಲ್ಲೂ ಇರಲಿಲ್ಲ. ಹಳೆಯ ಜೆರಾಕ್ಸು, ಪಿಡಿಎಫ್ ಯಾರ ಹತ್ತಿರವಾದರೂ ಇದೆಯೇ ಎಂದು ಕೇಳಿ ನೋಡಿದ, ಯಾರೂ ಇಟ್ಟುಕೊಂಡಿರಲಿಲ್ಲ. ಉಳಿದದ್ದು ಗೊರೂರಿನ ಮನೆಯಲ್ಲಿರುವ ಕೈಬರಹದ ಪುಸ್ತಕಗಳು.

ಮಾರನೇ ಬೆಳಿಗ್ಗೆ ಮೊದಲ ಬಸ್ಸಿಗೆ ಹಾಸನ, ಅಲ್ಲಿಂದ ಗೊರೂರು. ಮೇಷ್ಟ್ರ ಹೆಂಡತಿ ದೊಡ್ಡತಾಯಮ್ಮ ಬಾಗಿಲು ತೆಗೆದರು. ಅವನ ಮುಖ ನೋಡಿಯೇ, "ಯಾಕಪ್ಪ ಸಿದ್ರಾಜು, ಮನೇಲಿ ಎಲ್ಲಾ ಚೆನ್ನಾಗವ್ರಾ?" ಎಂದರು. ಅವನು ನೇರ ಮೇಷ್ಟ್ರ ಮಂಚದ ಹತ್ತಿರ ಹೋಗಿ ನಿಂತ. ಹೇಳದೆ ಇರಬಹುದಿತ್ತು. ಪುಸ್ತಕ ಕೇಳಿ ತೆಗೆದುಕೊಂಡು ಹೋಗಬಹುದಿತ್ತು. ಬಸ್ಸಿನಲ್ಲಿ ಹಾಗೆಯೇ ಅಂದುಕೊಂಡಿದ್ದ. ಆದರೆ ಆ ಕಣ್ಣುಗಳು ತನ್ನನ್ನು ಕಂಡು ಅರಳಿದಾಗ ಬಾಯಿಗೆ ಬಂದದ್ದು ಬೇರೆ.

"ಸಾ, ತೆಪ್ಪಾಗೋಗೈತೆ. ನಿಮ್ಮ ಮೈನಸ್ಸೆಲ್ಲ ಓಗ್ಬುಟ್ಟವೆ. ಮಕ್ಳು ಅಂಗೇ ಬರ್ದವ್ರೆ ಸಾ."

ಮೇಷ್ಟ್ರು ಮುಖ ಗೋಡೆಯ ಕಡೆ ತಿರುಗಿಸಿದರು. ಅವರ ಎಡಗೈ ಹೊದಿಕೆಯನ್ನು ಹಿಂಡುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಆ ಕೈ ಎದ್ದು ಒಳಕೋಣೆಯ ಅಟ್ಟದ ಕಡೆ ತೋರಿಸಿತು.

ಅಟ್ಟದಲ್ಲಿ ಎಂಟು ಪುಸ್ತಕ ಸಿಕ್ಕವು. ಹತ್ತು ಇರಬೇಕಿತ್ತು. ಸದಿಶಗಳದ್ದು, ಅಂದರೆ ವೆಕ್ಟರ್ಸಿನದ್ದು, ಒಂದು, ಮೂರು ಆಯಾಮದ ರೇಖಾಗಣಿತದ್ದು ಒಂದು, ಇವೆರಡೂ ಹೊಳೆನರಸೀಪುರದಿಂದ ಮನೆ ಬದಲಾಯಿಸುವಾಗ ಯಾರ ಕೈಗೋ ಹೋಗಿದ್ದವು. ದೊಡ್ಡತಾಯಮ್ಮ ಕಬ್ಬಿಣದ ಪೆಟ್ಟಿಗೆಗಳನ್ನೂ ತೆಗೆದು ತೋರಿಸಿದರು. ಇಲ್ಲ.

ಜಗಲಿಯ ಮೇಲೆ ಕೂತು ಸಿದ್ದರಾಜು ಫೋನನ್ನೂ ಪುಸ್ತಕವನ್ನೂ ಪಕ್ಕ ಪಕ್ಕ ಇಟ್ಟುಕೊಂಡು ಸಾಲು ಸಾಲಾಗಿ ನೋಡತೊಡಗಿದ. ದಿನವೂ ಮೊದಲ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದ. ಅಂಗಡಿ ಮುಚ್ಚಿಯೇ ಇತ್ತು. ಆರು ದಿನಕ್ಕೆ ಎಂಟು ಪಾಠ ಮುಗಿದವು. ಮುಗಿದ ಪಾಠವನ್ನು ಅಲ್ಲಿಂದಲೇ ಮೇಲೆ ಹಾಕುತ್ತಿದ್ದ. ಅವನು ಎಣಿಸಿದ ಪ್ರಕಾರ ಒಂದು ಸಾವಿರದ ನೂರ ಆರು ಗೆರೆಗಳು ಹೋಗಿದ್ದವು. ಒಂದೊಂದನ್ನು ಹಾಕುವಾಗಲೂ, ಇದನ್ನು ಯಾರು ಬರೆಯದೆ ಬಿಟ್ಟರೋ ಎಂಬ ಯೋಚನೆ ಬಂದು ಹೋಗುತ್ತಿತ್ತು. ಪಾಠ ಮುಂದೆ ಹೋದಷ್ಟೂ ಆ ಯೋಚನೆ ಕಡಿಮೆಯಾಗುತ್ತದೆ ಅಂದುಕೊಂಡಿದ್ದ. ಕಡಿಮೆಯಾಗಲಿಲ್ಲ.

ಉಳಿದ ಎರಡು ಪಾಠಗಳಿಗೆ ಪುಸ್ತಕವಿರಲಿಲ್ಲ. ಏಳನೇ ದಿನ ಅವನು ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಕೂತ.

"ಸಾ, ನಾನು ಓದ್ತಾ ಓಯ್ತೀನಿ. ತೆಪ್ಪಿದ್ದ ಕಡೆ ಬೆರಳು ಎತ್ತಿ."

ಅವನಿಗೆ ಬರುವ ಹೆಸರುಗಳಲ್ಲೇ ಓದಿದ. "ಎ, ತಲೆ ಮೇಲೆ ಬಾಣ. ಚುಕ್ಕೆ. ಬಿ, ತಲೆ ಮೇಲೆ ಬಾಣ. ಬುಡದಲ್ಲಿ ಚಪ್ಪರ." ಮೇಷ್ಟ್ರ ಬಾಯಿಯ ಎಡ ಅಂಚು ಸ್ವಲ್ಪ ಮೇಲೆದ್ದಿತು. ಲಕ್ವ ಹೊಡೆದ ಮೇಲೆ ಅವರು ನಕ್ಕದ್ದು ಅದೇ ಮೊದಲು ಎಂದು ದೊಡ್ಡತಾಯಮ್ಮ ಆಮೇಲೆ ಹೇಳಿದರು. ಐದನೇ ಸಾಲಿಗೆ ಬೆರಳು ಎದ್ದಿತು. ಅವನು ಹಿಂದಕ್ಕೆ ಹೋಗಿ ಒಂದೊಂದೇ ಪದ ಓದಿದ. ಮತ್ತೆ ಎದ್ದ ಕಡೆ ಮೈನಸ್ ಹಾಕಿದ. ಒಂದು ಪುಟಕ್ಕೆ ಅರ್ಧ ಗಂಟೆ ಬೇಕಾಯಿತು. ಎರಡು ಗಂಟೆ ಓದುವಷ್ಟರಲ್ಲಿ ಮೇಷ್ಟ್ರು ಬೆವರಿ ಕಣ್ಣು ಮುಚ್ಚಿದರು.

"ಸಾಕು ಕಣಪ್ಪ, ಅವ್ರ ಮಕ ನೋಡು" ಎಂದರು ದೊಡ್ಡತಾಯಮ್ಮ.

ಎಂಟನೇ ದಿನ ಬಸ್ಸಿನಲ್ಲಿ ಬರುವಾಗ ಅವನು ಮುಂದಿನ ಪುಟಗಳನ್ನು ಸುಮ್ಮನೆ ನೋಡುತ್ತಿದ್ದ. ಒಂದು ಲೆಕ್ಕದಲ್ಲಿ ಆರು, ಅಧಿಕ ಆವರಣದೊಳಗೆ ನಾಲ್ಕು, ಅಧಿಕ ಐದು ಎಂದಿತ್ತು. ಕೆಳಗೆ ಉತ್ತರ ಏಳು. ಅವನು ಬೆರಳು ಮಡಚಿ ಕೂಡಿದ. ಹದಿನೈದು ಬಂತು. ಮತ್ತೆ ಕೂಡಿದ. ಹದಿನೈದೇ. ಹಾಗಾದರೆ ಏಳು ಹೇಗೆ? ಆರಕ್ಕೆ ಐದು ಸೇರಿ ಹನ್ನೊಂದು. ಹನ್ನೊಂದರಲ್ಲಿ ನಾಲ್ಕು ಕಳೆದರೆ ಏಳು. ನಾಲ್ಕರ ಹಿಂದೆ ಮೈನಸ್ ಇತ್ತು! ಅವನು ಸೀಟಿನಿಂದ ಎದ್ದೇ ಬಿಟ್ಟ. ಪಕ್ಕದಲ್ಲಿದ್ದ ಹೆಂಗಸು, "ಇನ್ನೂ ಸ್ಟಾಪ್ ಬಂದಿಲ್ಲ ಕಣಣ್ಣ, ಕೂತ್ಕೊ" ಎಂದಳು.

ಗೊರೂರಿಗೆ ಹೋಗಿ ಚಪ್ಪಲಿ ಬಿಡುತ್ತಲೇ ಮೇಷ್ಟ್ರಿಗೆ ಆ ಸಾಲು ಓದಿ ಹೇಳಿದ. "ಇಲ್ಲಿ ನಾನೇ ಕಂಡಿಡಿದೆ ಸಾ. ನಾಕರ ಇಂದೆ ಮೈನಸ್. ಸರೀನಾ?" ಮೇಷ್ಟ್ರು ಅವನ ಮಣಿಕಟ್ಟನ್ನು ಎಡಗೈಯಿಂದ ಹಿಡಿದರು. ಬಿಡಲಿಲ್ಲ. ಅವನು ಮೊದಲ ಸಲ ಲೆಕ್ಕದಲ್ಲಿ ಪಾಸಾದದ್ದು ಅವತ್ತು.

ಆದರೆ ಎಲ್ಲ ಲೆಕ್ಕವೂ ಕೂಡುವ ಕಳೆಯುವ ಲೆಕ್ಕವಾಗಿರಲಿಲ್ಲ. ಸದಿಶದ ಪಾಠದಲ್ಲೇ ಹದಿನಾರು ಪುಟ ಉಳಿದಿತ್ತು. ಅದರಾಚೆ ಇನ್ನೊಂದು ಇಡೀ ಪಾಠ. ಒಂಬತ್ತನೇ ದಿನ ಸಿದ್ದರಾಜು ಎರಡು ಗಂಟೆ ಓದಿದ ಮೇಲೂ ನಿಲ್ಲಿಸಲಿಲ್ಲ. ದೊಡ್ಡತಾಯಮ್ಮ ಎರಡು ಸಲ ಬಾಗಿಲಿಗೆ ಬಂದು ಹೋದರು. "ಇದೊಂದು ಪುಟ ಅಮ್ಮ, ಇದೊಂದೇ" ಎನ್ನುತ್ತಾ ಐದು ಪುಟ ಓದಿದ. ಮೇಷ್ಟ್ರೂ ಕಣ್ಣು ಮುಚ್ಚಿ ನಿಲ್ಲಿಸಲಿಲ್ಲ. ಕೊನೆಕೊನೆಗೆ ಬೆರಳು ಏಳುತ್ತಿದೆಯೋ ನಡುಗುತ್ತಿದೆಯೋ ಗೊತ್ತಾಗುತ್ತಿರಲಿಲ್ಲ.

ಹತ್ತನೇ ದಿನ ಅವನು ಹೋದಾಗ ಮನೆಗೆ ಬೀಗ ಹಾಕಿತ್ತು. ಬೆಳಿಗ್ಗೆ ಎದ್ದ ಕೂಡಲೇ ಎರಡನೇ ಸ್ಟ್ರೋಕ್ ಆಯಿತು, ಹಾಸನಕ್ಕೆ ಕರೆದುಕೊಂಡು ಹೋದರು ಎಂದು ಪಕ್ಕದ ಮನೆಯವರು ಹೇಳಿದರು. ಬಂದ ಬಸ್ಸಿಗೇ ತಿರುಗಿ ಹತ್ತಿದ. ಆಸ್ಪತ್ರೆಯ ಕಾರಿಡಾರಿನಲ್ಲಿ ದೊಡ್ಡತಾಯಮ್ಮ ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ಅವನು ಅವರ ಮುಂದೆ ನೆಲದ ಮೇಲೆ ಕುಸಿದು ಕೂತ.

"ನನ್ನಿಂದಾನೇ ಅಮ್ಮ. ನೀವು ಸಾಕು ಅಂದ್ರಿ. ನಾನು ಕೇಳ್ನಿಲ್ಲ."

"ನಿನ್ನಿಂದ ಅಲ್ಲ ಕಣಪ್ಪ. ಬರೋದಿತ್ತು, ಬಂತು" ಎಂದರು. ಹಾಗೆನ್ನುವಾಗ ಅವರು ಅವನ ಮುಖ ನೋಡಲಿಲ್ಲ.

ಹನ್ನೆರಡನೇ ದಿನ ಸಿದ್ದರಾಜು ಹನ್ನೊಂದು ಪಾಠಗಳನ್ನು ಪ್ರಿಂಟು ತೆಗೆದು, ದಾರದಿಂದ ಕಟ್ಟಿಕೊಂಡು ಮಲ್ಲಿಪಟ್ಟಣಕ್ಕೆ ಹೋದ. ಪ್ರೇಕ್ಷಾಳ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅವಳ ಅಪ್ಪ ರಾಮಣ್ಣ ಕಣದಲ್ಲಿ ಹುಲ್ಲು ಒಟ್ಟುತ್ತಿದ್ದವನು, ಬಂದವನು ಯಾರೆಂದು ತಿಳಿದದ್ದೇ ತಡ, ದನಿ ಏರಿಸಿದ.

"ಓದೋ ಮಕ್ಳ ಜೊತೆ ಆಟ ಆಡ್ತಿದ್ದೀಯೇನಯ್ಯ ನೀನು? ಇಂಜಿನಿಯರಿಂಗ್ ಓದ್ತೀನಿ ಅಂತಿದ್ಲು. ರಿಸಲ್ಟ್ ಬಂದಾಗ್ನಿಂದ ಕ್ವಾಣೆ ಬಿಟ್ಟು ಈಚೆಗೆ ಬಂದಿಲ್ಲ ಕಣಯ್ಯ!"

"ಬೈಯಿ ಅಣ್ಣ. ಬೈಯ್ಲಿ ಅಂತಾನೇ ಬಂದಿವ್ನಿ. ಇದೊಂದು ಅವಳ ಕೈಗೆ ಕೊಡು ಸಾಕು."

ದನಿ ಕೇಳಿ ಪ್ರೇಕ್ಷಾ ತಾನೇ ಬಾಗಿಲಿಗೆ ಬಂದಳು. ಸಣ್ಣಗೆ, ಎತ್ತರಕ್ಕಿದ್ದಳು. ಕಣ್ಣು ಊದಿದ್ದವು. ಹಾಳೆಗಳ ಕಟ್ಟನ್ನು ತೆಗೆದುಕೊಂಡು ಮೇಲಿನ ಎರಡು ಪುಟ ತಿರುವಿದಳು.

"ಇದ್ರಲ್ಲಿ ಎಲ್ಲಾ ಸರಿ ಐತಾ ಸಾ?"

ಐತೆ ಎನ್ನಬೇಕೆಂದು ಅವನಿಗೆ ಅನ್ನಿಸಿತು. "ಅನ್ನೊಂದು ಪಾಠ ಸರಿ ಐತೆ ಕಣವ್ವ. ಮೇಷ್ಟ್ರು ಕೈಬರಹ ನೋಡ್ಕಂಡೇ ತಿದ್ದಿವ್ನಿ. ಇನ್ನೆರಡು ನಂಗೆ ಗೊತ್ತಿಲ್ಲ. ಅದ್ಕೇ ತರ್ನಿಲ್ಲ."

"ವೆಕ್ಟರ್ಸ್ ಇಲ್ವಾ?"

"ಇಲ್ಲ."

"ಅದು ಬಾಳ ಬತ್ತದೆ ಸಾ ಪೇಪರಲ್ಲಿ."

ಅವನು ತಲೆ ತಗ್ಗಿಸಿ ನಿಂತ. ರಾಮಣ್ಣ ಕೈಯಲ್ಲಿದ್ದ ಹುಲ್ಲು ಕೆಳಗಿಟ್ಟು, "ನೀರು ಕುಡ್ಕಂಡು ಓಗು" ಎಂದ.

ಆ ಪರೀಕ್ಷೆಯಲ್ಲೂ ಪ್ರೇಕ್ಷಾ ಗಣಿತದಲ್ಲಿ ಮೂರು ಅಂಕಕ್ಕೆ ಹೋದಳು. ಜೂನಿನಲ್ಲಿ ಮೂರನೇ ಪರೀಕ್ಷೆ ಬರೆದು ಪಾಸಾದಳು. ಆದರೆ ಅಷ್ಟರಲ್ಲಿ ಅವಳ ಮನಸ್ಸು ಮುರಿದಿತ್ತು. ಈಗ ಹಾಸನದಲ್ಲಿ ಬಿಕಾಂ ಓದುತ್ತಿದ್ದಾಳೆ. ಸಿದ್ದರಾಜು ಫೋನು ಮಾಡಿದಾಗ ಮರ್ಯಾದೆಯಿಂದಲೇ ಮಾತಾಡಿದಳು. "ನಿಮ್ಮ ಮೇಲೆ ಕ್ವಾಪ ಇಲ್ಲ ಸಾ. ಆದ್ರೆ ಮ್ಯಾತ್ಸ್ ಸಾಕು ನಂಗೆ" ಎಂದಳು.

ಅವನು ಎಲ್ಲ ಪುಟಗಳ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಹಾಕಿದ: ಡಿಸೆಂಬರಿನಿಂದ ಏಪ್ರಿಲಿನವರೆಗೆ ಇಲ್ಲಿ ಮೈನಸ್ ಗುರುತುಗಳು ಬಿಟ್ಟುಹೋಗಿದ್ದವು. ತಪ್ಪು ಮೇಷ್ಟ್ರದ್ದಲ್ಲ, ಟೈಪು ಮಾಡಿದ ನನ್ನದು. ಇದನ್ನು ಓದಿ ಯಾರಿಗಾದರೂ ಪರೀಕ್ಷೆಯಲ್ಲಿ ತೊಂದರೆಯಾಗಿದ್ದರೆ ಅವರ ತಲೆ ದಡ್ಡ ಅಲ್ಲ. ಕೆಳಗೆ ತನ್ನ ಹೆಸರು, ಫೋನು ನಂಬರು. ಪುಟ್ಟತಾಯಮ್ಮ ನಂಬರು ಬೇಡವೆಂದಳು. ಅವನು ಕೇಳಲಿಲ್ಲ. ಇಲ್ಲಿಯವರೆಗೆ ಇಪ್ಪತ್ತಮೂರು ಜನ ಮಾಡಿದ್ದಾರೆ. ಹೆಚ್ಚಿನವರು ಬೈದರು. ಒಬ್ಬ ತಾಯಿ ಅತ್ತಳು. ಅಂಗಡಿಯಲ್ಲಿ ಎಷ್ಟೇ ಜನ ಇರಲಿ, ಗೊತ್ತಿಲ್ಲದ ನಂಬರಿನಿಂದ ಫೋನು ಬಂದರೆ ಅವನು ಎದ್ದು ಹೊರಗೆ ಹೋಗಿ ಮಾತಾಡುತ್ತಾನೆ.

ಕಾಂತರಾಜು ಮೇಷ್ಟ್ರು ಬದುಕಿದ್ದಾರೆ. ಗೊರೂರಿನ ಮನೆಗೆ ಕರೆತಂದಿದ್ದಾರೆ, ಈಗ ಯಾರನ್ನೂ ಗುರುತು ಹಿಡಿಯುವುದಿಲ್ಲ. ಭಾನುವಾರ ಸಿದ್ದರಾಜು ಹೋಗಿ ಅವರನ್ನು ಮಗ್ಗುಲು ತಿರುಗಿಸಲು ದೊಡ್ಡತಾಯಮ್ಮನ ಜೊತೆ ಕೈಜೋಡಿಸುತ್ತಾನೆ. ಮಂಚದ ಪಕ್ಕ ಕೂತು ಗಟ್ಟಿಯಾಗಿ ಓದುವುದನ್ನು ಬಿಟ್ಟಿದ್ದಾನೆ.

ಉಳಿದ ಎರಡು ಪಾಠಗಳಿಗಾಗಿ ಅವನು ಆರು ಜನ ಲೆಕ್ಚರರ ಬಾಗಿಲಿಗೆ ಹೋಗಿ ಬಂದ. ಅರಕಲಗೂಡಿನಲ್ಲಿ ನಿವೃತ್ತರಾದ ಒಬ್ಬರು, ಕೀರ್ತಿರಾಜ್ ಅಂತ, ಬಿಡುವಾದಾಗ ನೋಡಿಕೊಡುತ್ತೇನೆ ಎಂದು ಪ್ರಿಂಟು ಇಟ್ಟುಕೊಂಡಿದ್ದಾರೆ. ಹೋದ ವಾರ ಎರಡು ಪುಟ ತಿದ್ದಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದರು. ಸಿದ್ದರಾಜು ಆ ಎರಡು ಪುಟವನ್ನು ಮೇಲೆ ಹಾಕಿದ್ದಾನೆ. ಇನ್ನು ಮೂವತ್ತೊಂಬತ್ತು ಪುಟ ಇದೆ.